"ದಸ್ತಿ ಒಗಿ, ಸೀಟ್ ಹಿಡಿ" ಅಂತ ಹಾಡಿದ ಹುಬ್ಬಳ್ಳಿ ಹುಡುಗರ ಬ್ಯಾಂಡು ಯಾರಿಗಾದರೂ ನೆನಪಿದೆಯಾ?

ಕೇಶ್ವಾಪುರ ಓಣಿ

ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ, ಇವತ್ತು ಕೇಳಿಯೇ ಬಿಡುತ್ತೇನೆ. ನಾನು ಆಗ ಏಳನೇ ಕ್ಲಾಸು. 1997 ಇರಬೇಕು, 98 ಆದರೂ ಆಗಬಹುದು. ಗಣಪತಿ ಹಬ್ಬದ ಐದನೇ ದಿನ ರಾತ್ರಿ, ನಮ್ಮ ಓಣಿಯ ಪೆಂಡಾಲಿನಲ್ಲಿ ಆರತಿ ಮುಗಿದ ಮೇಲೆ ನಾಲ್ಕು ಹುಡುಗರು ಸ್ಟೇಜ್ ಹತ್ತಿದರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಆರ್ಕೆಸ್ಟ್ರಾ ಇದೆ ಅಂದುಕೊಂಡು ಅಜ್ಜಿಯರೆಲ್ಲ ಮುಂದೆ ಚಾಪೆ ಹಾಸಿ ಕೂತಿದ್ದರು, ರಾಜಕುಮಾರ್ ಹಾಡು ಬರುತ್ತದೆ ಅಂತ. ಬಂದದ್ದೇ ಬೇರೆ. ಗಿಟಾರು ತಗಡು ಹರಿದ ಹಾಗೆ ಕೂಗಿತು. ಅದರ ಹಿಂದೆ ಹೋಳಿ ಹುಣ್ಣಿಮೆಯ ಹಲಗಿ, ಪಕ್ಕದಲ್ಲಿ ಭಜನೆಯ ಪೇಟಿ (ಹಾರ್ಮೋನಿಯಂ), ನಡುವೆ ಒಬ್ಬ ಕಣ್ಣು ಮುಚ್ಚಿಕೊಂಡು "ದಸ್ತಿ ಒಗಿ, ಸೀಟ್ ಹಿಡಿ" ಅಂತ ಇಪ್ಪತ್ತು ಸಲ ಕೂಗಿದ. (ದಸ್ತಿ ಅಂದರೆ ಕರ್ಚೀಫು.) ಅಜ್ಜಿಯರು ಚಾಪೆ ಮಡಚಿದರು. ನಾವು ಸಣ್ಣ ಹುಡುಗರು ಚಪ್ಪಲಿ ಕಳೆಯುವ ತನಕ ಕುಣಿದೆವು. ನನ್ನದು ಒಂದು ಕಾಲಿನದು ಇನ್ನೂ ಸಿಕ್ಕಿಲ್ಲ.

ಆಮೇಲೆ ಅವರು ಎಲ್ಲಿ ಹೋದರು? ಬ್ಯಾಂಡಿನ ಹೆಸರೇನು? ಆ ಹಾಡು ಅವರದ್ದೇನಾ ಅಥವಾ ಯಾವುದಾದರೂ ಇಂಗ್ಲಿಷ್ ಹಾಡಿಗೆ ಕನ್ನಡ ಹಾಕಿದ್ದಾ? ನನ್ನ ಪ್ರಕಾರ ಹುಬ್ಬಳ್ಳಿಯ ಮೊದಲ ರಾಕ್ ಬ್ಯಾಂಡ್ ಅದೇ.

ಗಿರ್ಮಿಟ್

ಮೊದಲು ಎದ್ದು ಚಾಪೆ ಮಡಚಿದ್ದು ನಮ್ಮ ಅಜ್ಜಿ. "ಗಣಪ್ಪನ ಕಿವಿ ದೊಡ್ಡವು, ಪಾಪ ಅವನ ಗತಿ ಏನು" ಅಂದಿದ್ದಳು. ಹೆಸರು ಮಾತ್ರ ನನಗೂ ನೆನಪಿಲ್ಲ. ನಮ್ಮ ಕಡೆ "ದಸ್ತಿ ಹುಡುಗರು" ಅಂತಲೇ ಕರೆಯುತ್ತಿದ್ದರು.

ವರ್ಕ್‌ಶಾಪ್ ಮಗ

"ಮೊದಲ" ಅನ್ನುವ ಮಾತು ಬಿಟ್ಟುಬಿಡಿ. ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಇದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಗಿಟಾರು, ಟ್ರಂಪೆಟ್ ಎಲ್ಲ ಇದ್ದವು. ಕ್ರಿಸ್‌ಮಸ್ ಬಂತು ಅಂದರೆ ಡ್ಯಾನ್ಸು, ಬ್ಯಾಂಡು. ಎಪ್ಪತ್ತರ ದಶಕದಲ್ಲಿ ಅಪ್ಪ ಕಿಡಕಿಯ ಹೊರಗೆ ನಿಂತು ಕೇಳುತ್ತಿದ್ದರಂತೆ. ಆ ಮನೆಯವರು ಒಬ್ಬೊಬ್ಬರಾಗಿ ಊರು ಬಿಟ್ಟರು, ಅವರ ಜೊತೆ ಆ ಗಿಟಾರೂ ಹೋದವು. ಅವರ ಕಥೆಯನ್ನು ಯಾರೂ ಕೇಳುವುದಿಲ್ಲ. 1997ರ ಹುಡುಗರು ಗಣಪತಿ ಪೆಂಡಾಲಿನಲ್ಲಿ ಬಾರಿಸಿದರು, ಅದಕ್ಕೇ ಎಲ್ಲರ ಕಣ್ಣಿಗೆ ಬಿದ್ದರು, ಅಷ್ಟೇ.

ಫಜ್ ಪ್ರೇಮಿ

ನಾನು ಧಾರವಾಡದವ, ಈಗ ಬೆಂಗಳೂರು. ಈ ಹುಚ್ಚು ನನಗೆ ಜಾಸ್ತಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನೀವು ಹೇಳುವ ಸದ್ದಿಗೆ ಗ್ಯಾರೇಜ್ ರಾಕ್ ಅನ್ನುತ್ತಾರೆ. 1964ರ ಫೆಬ್ರುವರಿ 9ರಂದು ಬೀಟಲ್ಸ್ ಹುಡುಗರು ಅಮೆರಿಕದ ಟಿವಿಯಲ್ಲಿ ಬಂದರು. ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಮರುದಿನದಿಂದ ಅಲ್ಲಿನ ಹೈಸ್ಕೂಲ್ ಹುಡುಗರಿಗೆಲ್ಲ ಗಿಟಾರು ಬೇಕಾಯಿತು. ಅವರ ಮನೆಗಳಿಗೆ ಕಾರು ನಿಲ್ಲಿಸುವ ಕೋಣೆ ಇರುತ್ತದಲ್ವಾ, ಅಪ್ಪನ ಕಾರು ಹೊರಗೆ ಹಾಕಿ ಅಲ್ಲಿ ಬಾರಿಸುತ್ತಿದ್ದರು. ಎರಡು ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು. ಒಂದು ರೆಕಾರ್ಡು, ನಾಲ್ಕು ಪ್ರೋಗ್ರಾಂ, ಆಮೇಲೆ ಕಾಲೇಜು, ಕೆಲಸ, ಇಲ್ಲಾ ವಿಯೆಟ್ನಾಂ ಯುದ್ಧಕ್ಕೆ ಕರೆ. ಬಹುತೇಕ ಬ್ಯಾಂಡುಗಳ ಆಯುಸ್ಸು ಇಷ್ಟೇ. 1972ರಲ್ಲಿ ಲೆನ್ನಿ ಕೇ ಎಂಬವರು ಅಂಥ 27 ಹಾಡು ಕೂಡಿಸಿ ಎರಡು ಎಲ್‌ಪಿ ತಂದರು. ಜನ ಮತ್ತೆ ತಿರುಗಿ ನೋಡಿದ್ದು ಆವಾಗ.

ನಮ್ಮ ದೇಶದಲ್ಲೂ ಇತ್ತು. ಒಂದು ಸಿಗರೇಟ್ ಬ್ರಾಂಡಿನ ಪ್ರಚಾರಕ್ಕೆ ಸಿಮ್ಲಾ ಬೀಟ್ ಅಂತ ಸ್ಪರ್ಧೆ ನಡೆಸುತ್ತಿದ್ದರು. 1970 ಮತ್ತು 71ರಲ್ಲಿ ಅದರ ಎಲ್‌ಪಿಗಳು ಬಂದವು, ಬೇರೆ ಬೇರೆ ಊರಿನ ಹುಡುಗರ ಬ್ಯಾಂಡು ಅದರಲ್ಲಿವೆ. ಆಗ ಕೇಳಿದವರು ಕಡಿಮೆ. ಈಗ ಅದರ ಹಳೇ ಪ್ರತಿಗೆ ವಿದೇಶದವರು ಬಾಯಿ ಬಿಡುತ್ತಾರೆ.

ನನ್ನ ಪ್ರಶ್ನೆ ಒಂದೇ. 1997ರ ಹುಬ್ಬಳ್ಳಿಯಲ್ಲಿ ಆ ಹುಡುಗರಿಗೆ ಫಜ್ ಪೆಡಲ್ ಎಲ್ಲಿಂದ ಬಂತು? ಗಿಟಾರಿನ ಸದ್ದು ಹರಿದ ಹಾಗೆ ಬರಲು ಸಾಮಾನ್ಯವಾಗಿ ಕಾಲಲ್ಲಿ ಒತ್ತುವ ಆ ಪೆಟ್ಟಿಗೆಯನ್ನೇ ಬಳಸುತ್ತಾರೆ.

ಹಳೇ ಹಲಗಿ

ಹಲಗಿ ಬಾರಿಸಿದವ ನಾನೇ. ಯಾರೋ ಈ ಚರ್ಚೆಯ ಫೋಟೋ ಕಳಿಸಿದರು, ಓದಿ ಅರ್ಧ ಗಂಟೆ ಸುಮ್ನೆ ಕೂತೆ.

ವರ್ಷ 1997, ಸಂಶಯ ಬೇಡ. ಆ ಹಬ್ಬದ ವಾರವೇ ಮದರ್ ತೆರೇಸಾ ತೀರಿಕೊಂಡರು. ಹಾಡುವವನ ಮನೆಯ ಪಕ್ಕದಲ್ಲಿ ಚರ್ಚು, ಅಲ್ಲಿ ಪ್ರಾರ್ಥನೆ ನಡೆದಿದೆ, ನೀವು ಸದ್ದು ಮಾಡಬೇಡಿ ಅಂತ ನಮ್ಮ ಪ್ರ್ಯಾಕ್ಟೀಸನ್ನು ಎರಡು ದಿನ ನಿಲ್ಲಿಸಿದ್ದರು.

ಪೆಡಲ್ ಗಿಡಲ್ ಇರಲಿಲ್ಲ ಸರ್. ಪೆಡಲ್ ಅಂದರೆ ನಮಗೆ ಸೈಕಲ್ಲಿನದೇ ಗೊತ್ತು. ಗ್ಯಾರೇಜ್ ಮಾತ್ರ ನಿಜವಾಗಿ ಇತ್ತು, ಆದರೆ ಹುಬ್ಬಳ್ಳಿಯ ಗ್ಯಾರೇಜು. ಗೋಕುಲ ರೋಡಿನ ಕಡೆ ಹಾಡುವವನ ಕಾಕಾನ ಸ್ಕೂಟರ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಒಳಗೆ ಕೂರುತ್ತಿದ್ದೆವು. ಪೆಟ್ರೋಲ್ ವಾಸನೆ, ಕರಿ ಆಯಿಲ್, ಬಿಚ್ಚಿಟ್ಟ ಇಂಜಿನ್ನು. ಅಂಗಿಗೆ ಗ್ರೀಸು ಹತ್ತಿ ಮನೆಯಲ್ಲಿ ಅವ್ವನ ಬೈಗುಳ ವಾರಕ್ಕೊಮ್ಮೆ ಗ್ಯಾರಂಟಿ.

ಸಾಮಾನು ಹೇಳುತ್ತೇನೆ ಕೇಳಿ. ದೊಡ್ಡ ಡ್ರಮ್ಮು ಮದುವೆ ಬ್ಯಾಂಡಿನವರು ತೂತು ಬಿದ್ದಿದೆ ಅಂತ ಬಿಸಾಕಿದ್ದು. ಅದಕ್ಕೆ ಕಾಕಾನೇ ಟ್ಯೂಬಿನ ಪಂಕ್ಚರ್ ಹಚ್ಚುವ ಹಾಗೆ ಸೊಲ್ಯೂಷನ್ ಬಳಿದು ತುಂಡು ಅಂಟಿಸಿಕೊಟ್ಟ. ಸಿಂಬಲ್ ಬದಲು ಭಜನೆಯ ದೊಡ್ಡ ತಾಳ, ಅದನ್ನು ಹಳೇ ಸೈಲೆನ್ಸರ್ ಪೈಪಿನ ತುದಿಗೆ ಕಟ್ಟಿದ್ದೆವು. ಸೈಡ್ ಡ್ರಮ್ಮು ಕೇಳಿದರೆ ಶಾಲೆಯಲ್ಲಿ ಕೊಡಲಿಲ್ಲ. ಹೋಳಿಗೆ ನಾನು ಹಲಗಿ ಬಾರಿಸುತ್ತಿದ್ದೆ. ಹುಣ್ಣಿಮೆಯಿಂದ ರಂಗಪಂಚಮಿ ತನಕ ಐದು ದಿನ ಕೈ ಬೊಬ್ಬೆ ಬರುವ ಹಾಗೆ. ಅದನ್ನೇ ತಂದು ಕುರ್ಚಿಗೆ ಕಟ್ಟಿದೆ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ, ನಮ್ಮ ಓಣಿಯ ಬಡಿತ ಹಾಗೆಯೇ. ಟಿವಿಯಲ್ಲಿ ನೋಡಿದ ಇಂಗ್ಲಿಷ್ ಬ್ಯಾಂಡಿನ ಥರ ಬಾರಿಸಲು ನೋಡಿದೆ, ಎರಡು ನಿಮಿಷಕ್ಕೆ ಕೈ ತಾನಾಗಿ ಹೋಳಿ ಬಡಿತಕ್ಕೆ ಜಾರುತ್ತಿತ್ತು. ಗಿಟಾರಿನವ ಸಿಟ್ಟಾಗುತ್ತಿದ್ದ. ಆಮೇಲೆ ಅವನೇ ಹಲಗಿಗೆ ಹೊಂದಿಕೊಂಡ.

ಅವತ್ತು ರಾತ್ರಿ ಜಿಟಿಜಿಟಿ ಮಳೆ. ತೊಗಲು ಸಡಿಲಾಗಿ ಹಲಗಿ ಡಬ್ ಡಬ್ ಅನ್ನಲು ಶುರುವಾಯಿತು. ಪೆಂಡಾಲಿನ ಹಿಂದೆ ಪೇಪರ್ ಸುಟ್ಟು ಕಾಯಿಸಿದೆ. ಮಂಡಳಿಯ ಹಿರಿಯರು ಬಟ್ಟೆಗೆ ಬೆಂಕಿ ಹತ್ತುತ್ತದೆ ಅಂತ ಓಡಿ ಬಂದರು, ಕಪಾಳಕ್ಕೆ ಒಂದು ಬಿತ್ತು. ಒಂದು ಕಿವಿ ಗುಂಯ್ ಅನ್ನುತ್ತಿದ್ದಾಗಲೇ ಸ್ಟೇಜ್ ಹತ್ತಿದೆ.

ಫಜ್ ಪ್ರೇಮಿ

ಅಣ್ಣಾರ, ಇದು ಚಿನ್ನ. ಆದರೂ ಗಿಟಾರಿನ ಸದ್ದಿನ ಗುಟ್ಟು ಇನ್ನೂ ಬಿಡಲಿಲ್ಲ ನೀವು.

ಹಳೇ ಹಲಗಿ

ಅದು ನನಗೇ ತಿಳಿಯದು. ಗ್ಯಾರೇಜಿನಲ್ಲಿ ಆ ಗಿಟಾರು ಸಾಧಾರಣವಾಗಿ ಟಿಂಗ್ ಟಿಂಗ್ ಅನ್ನುತ್ತಿತ್ತು. ಕಲ್ಕತ್ತಾದಲ್ಲಿ ಮಾಡಿದ್ದು, ಯಾರೋ ಗೋವಾದಿಂದ ತಂದು ಮಾರಿದ್ದು, ತಂತಿಯ ಸದ್ದನ್ನು ಕರೆಂಟ್ ಮಾಡುವ ಒಂದು ಪಿಕಪ್ ಇತ್ತು. ಒಮ್ಮೆ ತಂತಿ ಕಡಿದಾಗ ಕ್ಲಚ್ ವಾಯರಿನ ಒಂದು ಎಳೆ ಬಿಚ್ಚಿ ಹಾಕಿದೆವು, ಅದು ಶ್ರುತಿಗೇ ನಿಲ್ಲಲಿಲ್ಲ. ಸ್ಟೇಜಿನ ಮೇಲೆ ಮೊದಲ ಸಲ ಆ ಕೂಗು ಬಂದಾಗ ನಾವೇ ಹೆದರಿದೆವು. ಗಿಟಾರಿನವ ನನ್ನ ಕಡೆ ತಿರುಗಿ ನೋಡಿದ, ಕಣ್ಣು ಇಷ್ಟಗಲ. ಆಮೇಲೆ ಅವನಿಗೇ ಮಜಾ ಹತ್ತಿತು. ಮೈಕ್ ಸೆಟ್ಟಿನವರನ್ನು ಕೇಳಬೇಕು.

ವರ್ಕ್‌ಶಾಪ್ ಮಗ

ಆ ಮೈಕ್ ಸೆಟ್ ಕಾಕಾ ನಮ್ಮ ಓಣಿಯವರೇ. ಈಗ ಅಂಗಡಿ ಇಲ್ಲ, ಕಾಲು ನೋವು. ಅವರ ಮಗಳಿಗೆ ಇದನ್ನು ಕಳಿಸಿದ್ದೇನೆ.

ಮೈಕ್ ಸೆಟ್

ಎಲ್ಲರಿಗೂ ನಮಸ್ಕಾರ. ನಾನು ಹೇಳುತ್ತೇನೆ, ಮಗಳು ಟೈಪ್ ಮಾಡುತ್ತಾಳೆ.

ಆ ವರ್ಷ ಒಂಬತ್ತು ಪೆಂಡಾಲಿಗೆ ನನ್ನದೇ ಸೆಟ್ಟು. ಒಳ್ಳೆ ಮಷಿನ್ನುಗಳೆಲ್ಲ ದೊಡ್ಡ ಮಂಡಳಿಗೆ ಹೋದವು. ನಿಮ್ಮ ಓಣಿಗೆ ಉಳಿದದ್ದು ಒಂದು ಹಳೇ ಅಹುಜಾ ಆಂಪ್ಲಿಫೈಯರ್, ಕಂಬಕ್ಕೆ ಎರಡು ಭೋಂಗಾ, ಅಂದರೆ ಅಗಲ ಬಾಯಿಯ ಲೌಡ್ ಸ್ಪೀಕರ್. ಆ ಭೋಂಗಾ ಮಾತಿಗೆ ಮಾಡಿದ್ದು. "ಕಳೆದುಹೋದ ಮಗು ಸ್ಟೇಜ್ ಹತ್ತಿರ ಇದೆ" ಅಂತ ಹೇಳಲು ಅದರಂಥದ್ದು ಬೇರೆ ಇಲ್ಲ. ದಪ್ಪ ಸ್ವರ ಅದರಲ್ಲಿ ಬರುವುದೇ ಇಲ್ಲ, ಬರೀ ನಡುವಿನದು, ಮೇಲಿನದು. ಹೀಗಾಗಿ ಡ್ರಮ್ಮು ದೂರದವರಿಗೆ ಕೇಳಿಲ್ಲ, ಹಲಗಿ ಮಾತ್ರ ಗುಂಡು ಹೊಡೆದ ಹಾಗೆ ಕೇಳಿದೆ.

ಈಗ ಗಿಟಾರಿನ ವಿಷಯ. ಮಷಿನ್ನಿನ ಹಿಂದೆ ಮೈಕಿನ ತೂತು ಬೇರೆ, ಟೇಪ್ ರೆಕಾರ್ಡರಿನ ತೂತು ಬೇರೆ. ಅದಕ್ಕೆ ಆಕ್ಸ್ ಅನ್ನುತ್ತಾರೆ. ಮೈಕಿನಿಂದ ಬರುವ ಕರೆಂಟು ಬಹಳ ಸಣ್ಣದು, ಅದಕ್ಕೆ ಆ ತೂತಿನ ಹಿಂದೆ ಅದನ್ನು ಬಹಳ ದೊಡ್ಡದು ಮಾಡುವ ಸರ್ಕಿಟ್ ಇರುತ್ತದೆ. ಗಿಟಾರಿನ ಪಿಕಪ್ಪಿನಿಂದ ಬರುವುದು ಮೈಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅದನ್ನು ಆಕ್ಸಿಗೆ ಹಾಕಬೇಕಿತ್ತು, ನನಗೆ ಗೊತ್ತಿತ್ತು. ಆದರೆ ಆಕ್ಸಿನಲ್ಲಿ ಆರತಿ ಕ್ಯಾಸೆಟ್ಟಿನ ಪ್ಲೇಯರ್ ಇತ್ತು. ತೆಗೆಯುತ್ತೇನೆ ಅಂದರೆ ಮಂಡಳಿಯ ಅಧ್ಯಕ್ಷರು ತೆಗೆಯಗೊಡಲಿಲ್ಲ. "ಹುಡುಗರು ಯಾವಾಗ ನಿಲ್ಲಿಸುತ್ತಾರೋ ಹೇಳಲಿಕ್ಕೆ ಆಗಲ್ಲ, ನಿಲ್ಲಿಸಿದ ಕೂಡಲೇ ದೇವರ ಹಾಡು ಹಚ್ಚಬೇಕು" ಅಂದರು. ಹಂಗಾಗಿ ಗಿಟಾರಿನ ವಾಯರು ಮೈಕಿನ ತೂತಿಗೆ ಹೋಯಿತು. ಒಳಗೆ ಹಿಡಿಸಲಾರದಷ್ಟು ಬಂದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸ್ವರ ಒಡೆಯುತ್ತದೆ. ಅಂಥ ಸದ್ದು ಬಂದರೆ ನಮ್ಮ ದಂಧೆಯಲ್ಲಿ ಮರ್ಯಾದೆ ಹೋಯಿತು ಅಂತ ಅರ್ಥ. ನಾನು ಗೇನ್ (ಒಳಗೆ ಬಂದ ಸದ್ದನ್ನು ಏರಿಸುವ ತಿರುಪು) ಇಳಿಸಲು ಹೋದೆ. ಗಿಟಾರಿನ ಹುಡುಗ ಸ್ಟೇಜಿನಿಂದ ಕೈ ಮಾಡಿದ, ಕಾಕಾ ಇಳಿಸಬೇಡ್ರಿ, ಇನ್ನೂ ಏರಿಸ್ರಿ ಅಂತ. ಏರಿಸಿದೆ. ಗಟ್ಟಿ ಮಷಿನ್ನು, ಸುಡಲಿಲ್ಲ.

ಫಜ್ ಪ್ರೇಮಿ

ಕಾಕಾರ, ನಿಮ್ಮ ಕಾಲಿಗೆ ಬೀಳಬೇಕು. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಇದೇ ಥರದ ಸದ್ದಿಗಾಗಿ ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರ್ ಪೇಪರನ್ನು ಬ್ಲೇಡಿನಿಂದ ಸೀಳಿದ್ದ. ಅಮೆರಿಕದ ಹುಡುಗರು 1962ರಿಂದ ಅಂಗಡಿಯಲ್ಲಿ ಸಿಗುತ್ತಿದ್ದ ಫಜ್ ಪೆಟ್ಟಿಗೆ ಕೊಂಡರು. ಹುಬ್ಬಳ್ಳಿಯಲ್ಲಿ ಆರತಿ ಕ್ಯಾಸೆಟ್ಟಿನಿಂದ ಬಂತು. ಇದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಗಿರ್ಮಿಟ್

ಅಧ್ಯಕ್ಷರಿಗೆ ಒಂದು ಸನ್ಮಾನ ಇಟ್ಟುಕೊಳ್ಳೋಣ್ವಾ? ಶಾಲು, ಫೇಟಾ, ಒಂದು ಡಬ್ಬಿ ಪೇಡೆ.

ಪೇಟಿ

ಪೇಟಿ ಬಾರಿಸಿದವ ನಾನು. ಹಲಗಿ ದೋಸ್ತ ಒಂದು ವಿಷಯ ಮುಚ್ಚಿಟ್ಟಿದ್ದಾನೆ. "ದಸ್ತಿ ಒಗಿ" ಸಾಲು ಬರೆದದ್ದು ನಾನು. ಪ್ರತಿ ಶನಿವಾರ ಸಂಜೆ ಧಾರವಾಡಕ್ಕೆ ಅಜ್ಜಿ ಮನೆಗೆ ಹೋಗುತ್ತಿದ್ದೆ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಜನ ಕಿಡಕಿಯೊಳಗೆ ದಸ್ತಿ, ಟವೆಲ್, ಚೀಲ ಒಗೆಯುತ್ತಿದ್ದರು. ಒಮ್ಮೆ ಒಬ್ಬರು ಟೊಪ್ಪಿಗೆ ಒಗೆದರು. ಒಳಗೆ ಹೋಗಿ ನೋಡಿದರೆ ಒಂದೇ ಸೀಟಿನ ಮೇಲೆ ಮೂರು ದಸ್ತಿ, ಜಗಳ. ಇಪ್ಪತ್ತು ಕಿಲೋಮೀಟರ್ ದಾರಿಗೆ ಇಷ್ಟು ಯುದ್ಧ. ಹಾಡಿಗೆ ಇನ್ನೂ ಆರು ಸಾಲು ಇದ್ದವು, ಕಂಡಕ್ಟರನದು, ಚಿಲ್ಲರೆಯದು ಎಲ್ಲ. ನಮ್ಮ ಗಾಯಕ ಮಹಾಶಯ ಸ್ಟೇಜಿನ ಮೇಲೆ ಮರೆತ. ಅದಕ್ಕೇ ಒಂದೇ ಸಾಲು ಇಪ್ಪತ್ತು ಸಲ.

ಯಾವ ಇಂಗ್ಲಿಷ್ ಹಾಡಿನಿಂದಲೂ ಕದ್ದದ್ದಲ್ಲ, ಎರಡೇ ಕಾರ್ಡು. ಕದಿಯಬೇಕಾದರೂ ಮೂರು ಬೇಕು.

ಪೇಟಿ ನನ್ನ ಗುರುಗಳದು. ಊರು ಯಾವುದು ನೋಡಿ. ಗಂಗೂಬಾಯಿ ಹಾನಗಲ್ ಇಲ್ಲೇ ಇದ್ದರು, ಓಣಿಗೊಬ್ಬರು ಹಾಡು ಕಲಿಸುವವರು. ಗುರುಗಳ ಮನೆಯಲ್ಲಿ ಗಿಟಾರು ಅಂದರೆ ಬೈಗುಳ ಇದ್ದ ಹಾಗೆ. ಭಜನೆಗೆ ಬೇಕು ಅಂತ ಸುಳ್ಳು ಹೇಳಿ ಪೇಟಿ ತಂದೆ. ಹಾಡುವವನ ದನಿ ಕರಿ 1ಕ್ಕೆ, ಅಂದರೆ ಪೇಟಿಯ ಮೊದಲ ಕರಿ ಮನೆಗೆ ಕೂಡುತ್ತಿತ್ತು. ಗಿಟಾರಿನವನಿಗೆ ಬರುತ್ತಿದ್ದದ್ದು ಸಿ ಕಾರ್ಡು, ಅಂದರೆ ಬಿಳಿ 1. ಅರ್ಧ ಸ್ವರದ ಜಗಳ. ಶ್ರುತಿ ಏರಿಸಲು ಗಿಟಾರಿನ ತಂತಿಗಳ ಮೇಲೆ ಬಿಗಿಯುವ ಕ್ಯಾಪೊ ಅನ್ನುವ ವಸ್ತು ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಗಿಟಾರಿನ ಮೊದಲ ಮನೆಯ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ಎರಡು ರಬ್ಬರ್ ಬ್ಯಾಂಡ್ ಬಿಗಿದೆವು, ಸಿ ಹಿಡಿದರೆ ಕರಿ 1 ಬಂತು. ಇದನ್ನು ಹೇಳಿಕೊಟ್ಟದ್ದು ಯಾರು ಗೊತ್ತಾ? ಗುರುಗಳೇ. ಪೇಟಿ ಯಾಕೆ ವಾಪಸ್ ಬಂದಿಲ್ಲ ಅಂತ ಹುಡುಕಿಕೊಂಡು ಗ್ಯಾರೇಜಿಗೆ ಬಂದರು. ಶಟರ್ ಎತ್ತಿ ಐದು ನಿಮಿಷ ನಿಂತು ಕೇಳಿದರು. ಬೈಯುತ್ತಾರೆ ಅಂತ ನಾನು ಸ್ಕೂಟರ್ ಹಿಂದೆ ಅಡಗಿದ್ದೆ. "ಹಾಡರಿ, ಏನರ ಹಾಡರಿ, ಶ್ರುತಿ ಕೂಡಿಸಿ ಹಾಡರಿ" ಅಂದರು. ಕಿಸೆಯಿಂದ ಪೆನ್ಸಿಲ್ ತೆಗೆದದ್ದು ಅವರೇ.

ಹಳೇ ಹಲಗಿ

ಸಾಲು ನೀನು ಬರೆದೆ, ಒಪ್ಪಿದೆ. "ಸೀಟ್ ಹಿಡಿ" ನಾನು ಸೇರಿಸಿದ್ದು. ನಿನ್ನದರಲ್ಲಿ "ಜಾಗ ಹಿಡಿ" ಇತ್ತು, ಬಡಿತಕ್ಕೆ ಕೂರುತ್ತಿರಲಿಲ್ಲ.

ಪೇಟಿ

ಇಪ್ಪತ್ತೇಳು ವರ್ಷದ ಜಗಳ ಇದು ಸ್ನೇಹಿತರೇ, ನೀವು ನಡುವೆ ಬರಬೇಡಿ.

ಕೇಶ್ವಾಪುರ ಓಣಿ

ಹೆಸರು? ಆಮೇಲೆ ಏನಾಯಿತು?

ಪೇಟಿ

ಹೆಸರು ಇಡಲೇ ಇಲ್ಲ. ನಾಲ್ವರಿಗೆ ನಾಲ್ಕು ಹೆಸರು ಬೇಕಿತ್ತು. ಮಂಡಳಿಯ ಕರಪತ್ರದಲ್ಲಿ "ಮನರಂಜನೆ" ಅಂತ ಮಾತ್ರ ಇದೆ. ಅದಾದ ಮೇಲೆ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಬಾರಿಸಿದೆವು. ಎರಡನೇ ಹಾಡಿಗೇ ಮೈಕ್ ಬಂದ್ ಮಾಡಿಸಿದರು. ಗಿಟಾರು ಸತ್ತಿತು. ಹಲಗಿಗೆ ಕರೆಂಟ್ ಬೇಡವಲ್ಲ, ಇವನು ನಿಲ್ಲಿಸಲೇ ಇಲ್ಲ, ಹುಡುಗರು ಬೆಂಚು ಬಡಿದರು. ಆಮೇಲೆ ಪಿಯುಸಿ ಪರೀಕ್ಷೆ, ಸಿಇಟಿ. ಗಿಟಾರಿನವನಿಗೆ ಬೇರೆ ಊರಲ್ಲಿ ಇಂಜಿನಿಯರಿಂಗ್ ಸೀಟು. ಅವನು ಹೋದ ಮೇಲೆ ಒಂದೆರಡು ಭಾನುವಾರ ಗ್ಯಾರೇಜಿಗೆ ಹೋದೆವು, ಟೀ ಕುಡಿದು ವಾಪಸ್ ಬಂದೆವು.

ಗಿಟಾರಿನವನ ಅಕ್ಕ

ನಾನು ಬರೆಯಬಾರದು ಅಂತ ಇದ್ದೆ. ತಮ್ಮ ಈಗ ದೂರ ಇದ್ದಾನೆ, ಇದನ್ನೆಲ್ಲ ಓದಿ ನಗುತ್ತಿದ್ದಾನೆ, ನಾಚಿಕೆಗೆ ಬರೆಯುವುದಿಲ್ಲ.

ಕ್ಯಾಸೆಟ್ ನನ್ನ ಹತ್ತಿರ ಇದೆ.

ಅವತ್ತು ರಾತ್ರಿ ನಾನು ಮನೆಯ ಟೂ-ಇನ್-ಒನ್ ತಂದು ಕಟ್ಟೆಯ ಮೇಲೆ ಇಟ್ಟಿದ್ದೆ. ಖಾಲಿ ಕ್ಯಾಸೆಟ್ ತರಲು ದುಡ್ಡು ಇರಲಿಲ್ಲ. ಅಪ್ಪನ ಡಬ್ಬಿಯಿಂದ ಒಂದು ತೆಗೆದೆ, ಮೇಲೆ ಬರೆದದ್ದು ಅಳಿಸಿತ್ತು. ಅಳಿಸಬಾರದು ಅಂತ ಅಪ್ಪ ಹಿಂದಿನ ಪ್ಲಾಸ್ಟಿಕ್ ತುಂಡು ಮುರಿದಿದ್ದರು, ನಾನು ಆ ತೂತಿಗೆ ಸೆಲ್ಲೋಟೇಪ್ ಹಚ್ಚಿ ರೆಕಾರ್ಡ್ ಒತ್ತಿದೆ. ಅದು ಮಲ್ಲಿಕಾರ್ಜುನ ಮನ್ಸೂರರು. ಧಾರವಾಡ ಆಕಾಶವಾಣಿಯಲ್ಲಿ ಬಂದಾಗ ಅಪ್ಪ ರೇಡಿಯೋ ಮುಂದೆ ಉಸಿರು ಬಿಗಿ ಹಿಡಿದು ರೆಕಾರ್ಡ್ ಮಾಡಿಕೊಂಡದ್ದು. ಮನ್ಸೂರರು 1992ರಲ್ಲೇ ಹೋಗಿದ್ದರು. ಗೊತ್ತಾದ ದಿನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹದಿನೈದು ದಿನ ನನ್ನ ಜೊತೆ, ತಮ್ಮನ ಜೊತೆ ಮಾತೇ ಇಲ್ಲ. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ಅಷ್ಟೇ.

ಹೋದ ತಿಂಗಳು ಮಗ ಅದನ್ನು ಕಂಪ್ಯೂಟರಿಗೆ ಹಾಕಿದ. ಹಾಡು ಇದೆ, ಆದರೆ ಎಲ್ಲರೂ ಕೋಳಿ ಮರಿಯ ಹಾಗೆ ಕೂಗುತ್ತಿದ್ದಾರೆ.

ಮೈಕ್ ಸೆಟ್

ತಂಗೀ, ಸೆಲ್ಲು ಹಾಕಿ ರೆಕಾರ್ಡ್ ಮಾಡಿದ್ದೆಯಾ? ಸೆಲ್ಲು ಸೊರಗಿದ್ದರೆ ಮೋಟಾರು ನಿಧಾನ ತಿರುಗುತ್ತದೆ. ನಿಧಾನ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ದನಿ ಮೇಲೇರುತ್ತದೆ.

ಗಿಟಾರಿನವನ ಅಕ್ಕ

ಹೌದು ಕಾಕಾ, ಟಾರ್ಚಿನ ಹಳೇ ಸೆಲ್ಲು.

ಫಜ್ ಪ್ರೇಮಿ

ಅಕ್ಕಾರ, ಸುಮ್ನೆ ಅಂದಾಜಿಗೆ ವೇಗ ಬದಲಿಸಬೇಡಿ. 1963ರಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ಹುಡುಗರು ಹಾಡಿದ ಒಂದು ಹಾಡಿನ ಮಾತು ಯಾರಿಗೂ ತಿಳಿಯದೆ, ಪೋಲಿ ಇರಬೇಕು ಅಂತ ಎಫ್‌ಬಿಐ ತನಿಖೆ ಮಾಡಿತ್ತು. ಯಾವ ವೇಗದಲ್ಲಿ ಹಚ್ಚಿದರೂ ಅರ್ಥವಾಗಲ್ಲ ಅಂತ ಕೈಬಿಟ್ಟರು. ನಮ್ಮದಕ್ಕೆ ಪೇಟಿ ಇದೆ. ಪೇಟಿಯ ಶ್ರುತಿ ಬದಲಾಗುವುದಿಲ್ಲ. ಅದು ಕರಿ 1ಕ್ಕೆ ಬರುವ ತನಕ ವೇಗ ಇಳಿಸಿ, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಪೇಟಿ

ಆ ಪೇಟಿ ಈಗ ನನ್ನ ಮನೆಯಲ್ಲೇ ಇದೆ. ಗುರುಗಳು ಕೊನೆಗೆ ನನಗೇ ಕೊಟ್ಟರು. ಕರಿ 1 ಒತ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಕ್ಕಾರ, ಮಗನಿಗೆ ಕೊಡಿ.

ಗಿಟಾರಿನವನ ಅಕ್ಕ

ಬಂತು. ಮಗ ಕೂಡಿಸಿದ. ಆರು ಪರ್ಸೆಂಟ್ ನಿಧಾನ ಮಾಡಿದ ಮೇಲೆ ಹುಡುಗರ ದನಿ ಹುಡುಗರದಾಯಿತು. ಮಳೆಯ ಸದ್ದು ಕೂಡ ಇದೆ. ಒಬ್ಬ ಅಜ್ಜಿ "ಏಳವಾ ಹೋಗೋಣು" ಅನ್ನುವುದು ಸ್ಪಷ್ಟ ಕೇಳುತ್ತದೆ. ಗಿರ್ಮಿಟ್ ಅವರೇ, ಅದು ನಿಮ್ಮವರೇ ಇರಬೇಕು. ಹನ್ನೊಂದು ನಿಮಿಷ ಆದ ಮೇಲೆ ಸೆಲ್ಲು ಪೂರ್ತಿ ಸತ್ತಿದೆ, ಟಕ್ ಅಂತ ಒಂದು ಸದ್ದು. ಅಲ್ಲಿಂದ ಮುಂದೆ ಮನ್ಸೂರರು, ತಾನಿನ ನಡುವಿನಿಂದ. ಮಗ ಮೊದಲು ಇಡೀ ಕ್ಯಾಸೆಟ್ಟಿಗೇ ವೇಗ ಇಳಿಸಿಬಿಟ್ಟಿದ್ದ, ಅದರಿಂದ ಮನ್ಸೂರರ ದನಿ ಕೆಳಗೆ ಹೋಗಿತ್ತು. ಒಳಗಿನ ಕೋಣೆಯಿಂದ ಅಪ್ಪ ಕೂಗಿದರು, "ಅವರ ಶ್ರುತಿ ಅದಲ್ಲ." ಈಗ ಬರೀ ಮೊದಲ ಭಾಗಕ್ಕೆ ಇಳಿಸಿದ್ದಾನೆ.

ಸಂಜೆ ಅಪ್ಪನ ಮುಂದೆ ಮೊದಲಿನಿಂದ ಹಚ್ಚಿದೆವು. ತಮ್ಮ ವಿಡಿಯೋ ಕಾಲಿನಲ್ಲಿದ್ದ. ಅಪ್ಪ ಅರ್ಧ ನಿಮಿಷ ಕೇಳಿದರು. "ಹಲಗಿ ಛಲೋ ಐತಿ" ಅಂದರು. ಆಮೇಲೆ, "ಮುಂದ ಓಡಸು."